‘ಹಳದಿ ಗೋಡೆಕಾಗದ’: ಕಥೆಯೂ ಚರಿತ್ರೆಯ ಸಾಕ್ಷ್ಯವೂ

ಕಲ್ಪಿತ ಕಥೆಯನ್ನು ಚರಿತ್ರೆಯ ಆಧಾರವಾಗಿ ಸ್ವೀಕರಿಸಬಹುದೆ? ಅಮೆರಿಕದ ಲೇಖಕಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ (1860–1935) ಅವರು 1892ರಲ್ಲಿ ಪ್ರಕಟಿಸಿದ ‘ಹಳದಿ ಗೋಡೆಕಾಗದ’ ಎಂಬ ಸಣ್ಣ ಕಥೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕಥಾವಸ್ತು ಸರಳವಾದುದು. ಹೆರಿಗೆಯ ತರುವಾಯ ಮನಃಕ್ಲೇಶಕ್ಕೊಳಗಾದ ಗೃಹಿಣಿಯನ್ನು ವೈದ್ಯನಾದ ಪತಿಯು ಹಳೆಯ ಬಂಗಲೆಯೊಂದರ ಮೇಲಂತಸ್ತಿನ ಕೋಣೆಯಲ್ಲಿರಿಸಿ, ಬರೆಯುವುದನ್ನು ನಿಷೇಧಿಸುತ್ತಾನೆ. ಕಿಟಕಿಗಳಿಗೆ ಸರಳುಗಳಿವೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಸೆರೆಯಾದ ಹೆಂಗಸೊಬ್ಬಳು ಅವಳಿಗೆ ಕಾಣತೊಡಗುತ್ತಾಳೆ. ಕೊನೆಗೆ ಅವಳ ಬುದ್ಧಿಯೇ ಕದಡಿಹೋಗುತ್ತದೆ. ಒಂಟಿ ಬಂಗಲೆ, ಬಂಧನ, ಭೀತಿ ಇವು ಗಾಥಿಕ್ ಕಥೆಗಳ ಹಳೆಯ ಸಾಮಗ್ರಿ. ಆದರೆ ಇಲ್ಲಿ ಬಂಧಿಸುವವನು ಖಳನಲ್ಲ, ಹಿತವನ್ನೇ ಬಯಸುವ ಗಂಡ.

ಇಂತಹ ಬಂಧನವು ಕೇವಲ ಕಲ್ಪನೆಯಾಗಿರಲಿಲ್ಲ. ಇಲಿನಾಯ್ ರಾಜ್ಯದ 1851ರ ಕಾನೂನು, ಇತರರ ವಿಷಯದಲ್ಲಿ ಬೇಕಾಗಿದ್ದ ಸಾಕ್ಷ್ಯವಿಲ್ಲದೆಯೇ, ಗಂಡನ ಕೋರಿಕೆಯ ಮೇಲೆ ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಅವಕಾಶವಿತ್ತಿತ್ತು. ಪಾದ್ರಿಯಾದ ಪತಿಯ ಧಾರ್ಮಿಕ ವಿಚಾರಗಳನ್ನು ವಿರೋಧಿಸಿದ ಎಲಿಜಬೆತ್ ಪ್ಯಾಕರ್ಡ್ 1860ರಿಂದ ಮೂರು ವರ್ಷ ಹೀಗೆ ಬಂಧಿತರಾಗಿದ್ದರು. ಬಿಡುಗಡೆಯಾದ ಮೇಲೂ ಪತಿಯು ಅವರನ್ನು ಮನೆಯ ಮಕ್ಕಳ ಕೋಣೆಯಲ್ಲಿ ಕೂಡಿಹಾಕಿದನು. 1864ರ ವಿಚಾರಣೆಯಲ್ಲಿ ಜ್ಯೂರಿ ಸದಸ್ಯರು ಏಳೇ ನಿಮಿಷಗಳಲ್ಲಿ ಅವರನ್ನು ಸ್ವಸ್ಥಚಿತ್ತರೆಂದು ತೀರ್ಮಾನಿಸಿದರು.

ಗಿಲ್ಮನ್ನರ ಅನುಭವ ಕಾನೂನಿಗಿಂತ ವೈದ್ಯಕ್ಕೆ ಸಂಬಂಧಿಸಿದುದು. 1885ರಲ್ಲಿ ಮಗಳು ಹುಟ್ಟಿದ ಮೇಲೆ ಖಿನ್ನತೆಗೊಳಗಾದ ಅವರು, 1887ರಲ್ಲಿ ಫಿಲಡೆಲ್ಫಿಯದ ಪ್ರಸಿದ್ಧ ವೈದ್ಯ ಸೈಲಸ್ ವಿಯರ್ ಮಿಚೆಲ್ ಅವರ ‘ವಿಶ್ರಾಂತಿ ಚಿಕಿತ್ಸೆ’ಗೆ ಒಳಪಟ್ಟರು. ವಾರಗಟ್ಟಲೆ ಹಾಸಿಗೆವಾಸ, ಬಂಧುಗಳಿಂದ ಅಗಲಿಕೆ, ಹಾಲು ಮೊದಲಾದ ಪುಷ್ಟಿಕರ ಆಹಾರ, ಅಂಗಮರ್ದನ ಇವು ಅದರ ಅಂಗಗಳು. ಮನೆಗೆ ಮರಳಿದ ಮೇಲೆ ಲೇಖನಿಯನ್ನು ಮುಟ್ಟಲೇಬಾರದೆಂದು ವೈದ್ಯರು ವಿಧಿಸಿದರೆಂದು ಗಿಲ್ಮನ್ ಹೇಳಿದ್ದಾರೆ.

ತಮ್ಮ ಕಥೆಯನ್ನೋದಿ ಆ ವೈದ್ಯರು ಚಿಕಿತ್ಸಾಕ್ರಮವನ್ನು ಬದಲಿಸಿದರೆಂದು ತಿಳಿದುಬಂದುದಾಗಿ 1913ರಲ್ಲಿ ಅವರು ಬರೆದರು. ಈ ಮಾತಿಗೆ ಸ್ವತಂತ್ರ ಆಧಾರ ಸಂಶೋಧಕರಿಗೆ ದೊರೆತಿಲ್ಲ. ಆದುದರಿಂದ ಅದನ್ನು ಸಿದ್ಧಸಂಗತಿಯೆಂದು ಬೋಧಿಸುವುದು ಯುಕ್ತವಲ್ಲ. ಕಥೆಯ ಮೌಲ್ಯವು ಅದನ್ನು ಅವಲಂಬಿಸಿಯೂ ಇಲ್ಲ. ಸ್ತ್ರೀಯನ್ನು ಹೇಗೆ ಇರಿಸಬೇಕೆಂಬುದನ್ನು ಕಾನೂನೂ ವೈದ್ಯಗ್ರಂಥಗಳೂ ಹೇಳುತ್ತವೆ; ಒಳಗಿದ್ದವಳಿಗೆ ಏನು ಕಂಡಿತೆಂಬುದನ್ನು ಕಥೆ ಹೇಳುತ್ತದೆ. ಮೊದಲನೆಯವನ್ನು ಮಾತ್ರ ಆಧಾರಗಳೆಂದು ಎಣಿಸಿದಲ್ಲಿ, ಬೀಗದ ಕೈ ಹಿಡಿದವರ ಚರಿತ್ರೆಯನ್ನಷ್ಟೇ ನಾವು ಬರೆದಂತಾಗುತ್ತದೆ.