ವೂರ್ಲೇಜರ್ ಮನೆ

ವೂರ್ಲೇಜರ್ ಮನೆಯು ಅಮೇರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟ್ಯಾಟನ್ ದ್ವೀಪದ ರಿಚ್ಮಂಡ್‌ಟೌನ್ ಎಂಬ ಉಪನಗರ ಪ್ರದೇಶದಲ್ಲಿರುವ ಐತಿಹಾಸಿಕ ಕಟ್ಟಡವಾಗಿದೆ. ಸುಮಾರು 1695ರಲ್ಲಿ ಡಚ್ ರಿಫಾರ್ಮ್ಡ್ ಪಂಥದ ಕ್ರೈಸ್ತ ಸಭೆಯು ಇದನ್ನು ನಿರ್ಮಿಸಿತು. ಆ ದೇಶದಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಶಾಲಾ ಕಟ್ಟಡವೆಂದು ಇದನ್ನು ಪರಿಗಣಿಸಲಾಗುತ್ತದೆ. ಪ್ರಸ್ತುತ ಇದು 'ಹಿಸ್ಟಾರಿಕ್ ರಿಚ್ಮಂಡ್ ಟೌನ್' ವಸ್ತುಸಂಗ್ರಹಾಲಯದ ಭಾಗವಾಗಿದೆ.

ಹೆಸರಿನ ಮೂಲ

'ವೂರ್ಲೇಜರ್' ಎಂಬ ಡಚ್ ಪದಕ್ಕೆ 'ಇತರರ ಮುಂದೆ ಓದುವವನು' ಎಂದರ್ಥ. ದೀಕ್ಷೆ ಪಡೆದ ಪಾದ್ರಿಗಳು ವಿರಳವಾಗಿದ್ದ ವಸಾಹತುಗಳಲ್ಲಿ ಪ್ರಾರ್ಥನಾ ಸಭೆ ನಡೆಸುವುದು, ದಾಖಲೆಗಳನ್ನು ಇಡುವುದು ಮತ್ತು ಮಕ್ಕಳಿಗೆ ಪಾಠ ಹೇಳುವುದು ಈತನ ಕರ್ತವ್ಯಗಳಾಗಿದ್ದವು.

ಹಿನ್ನೆಲೆ

ಸ್ಟ್ಯಾಟನ್ ದ್ವೀಪದಲ್ಲಿ ಡಚ್ಚರ ಮೊದಲ ಶಾಶ್ವತ ನೆಲೆಯು 1661ರಲ್ಲಿ ಸ್ಥಾಪನೆಯಾಯಿತು. 1664ರಲ್ಲಿ ಈ ಪ್ರಾಂತ್ಯವು ಇಂಗ್ಲಿಷರ ವಶವಾಯಿತು. ಆಡಳಿತ ಬದಲಾದರೂ ಡಚ್ ಕುಟುಂಬಗಳು ತಮ್ಮ ಭಾಷೆ ಮತ್ತು ಧಾರ್ಮಿಕ ಆಚರಣೆಗಳನ್ನು ಉಳಿಸಿಕೊಂಡವು. ಇಂಗ್ಲಿಷ್ ಆಳ್ವಿಕೆ ಆರಂಭವಾಗಿ ಸುಮಾರು 30 ವರ್ಷಗಳ ನಂತರ ಡಚ್ ಸಭೆಯೊಂದು ತನ್ನದೇ ಆದ ಶಾಲೆಯನ್ನು ಕಟ್ಟಿಸಿರುವುದು ಇದಕ್ಕೆ ನಿದರ್ಶನವಾಗಿದೆ.

ಕಟ್ಟಡ

ಇದು ಮರದ ಚೌಕಟ್ಟಿನ ಎರಡು ಅಂತಸ್ತಿನ ಕಟ್ಟಡ. ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಡ್ಡಲಾಗಿ ಜೋಡಿಸಿದ ಹಲಗೆಗಳಿಂದ ಹೊರಗೋಡೆಗಳನ್ನು ರಚಿಸಲಾಗಿದೆ. ಶಾಲೆ, ಪ್ರಾರ್ಥನಾ ಮಂದಿರ ಮತ್ತು ಉಪಾಧ್ಯಾಯನ ವಸತಿ ಈ ಮೂರೂ ಒಂದೇ ಸೂರಿನಡಿ ಇದ್ದವು.

ನಂತರದ ಬಳಕೆ

ಕಟ್ಟಡವು ಶಾಲೆಯಾಗಿ ಬಳಕೆಯಲ್ಲಿದ್ದುದು ಕೆಲವೇ ವರ್ಷಗಳ ಕಾಲ. 18ನೆಯ ಶತಮಾನದ ಆರಂಭದಲ್ಲಿ ಇದು ಖಾಸಗಿ ಒಡೆತನಕ್ಕೆ ಹೋಗಿ, ನೂರಕ್ಕೂ ಹೆಚ್ಚು ವರ್ಷ ವಾಸದ ಮನೆಯಾಗಿತ್ತು. ಕಟ್ಟಡವು ಶತಮಾನಗಳ ಕಾಲ ಉಳಿಯಲು ಈ ನಿರಂತರ ವಾಸವೂ ಒಂದು ಕಾರಣ. ಮುಂದೆ ಇದು ಪಾಳುಬಿದ್ದು, ಕೆಡವಲ್ಪಡುವ ಅಪಾಯಕ್ಕೆ ಸಿಲುಕಿತು.

ಸಂರಕ್ಷಣೆ

1930ರ ದಶಕದ ಉತ್ತರಾರ್ಧದಲ್ಲಿ ಸ್ಟ್ಯಾಟನ್ ದ್ವೀಪ ಇತಿಹಾಸ ಸಂಘದ ಪ್ರಯತ್ನದಿಂದ ಕಟ್ಟಡವು ಉಳಿಯಿತು. ನಂತರ ಅದನ್ನು ಜೀರ್ಣೋದ್ಧಾರ ಮಾಡಲಾಯಿತು. 1961ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಲಾಯಿತು. 1966ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿಗೆ ಸೇರಿದ ಕಟ್ಟಡವು, 1969ರಲ್ಲಿ ನ್ಯೂಯಾರ್ಕ್ ನಗರದ ಹೆಗ್ಗುರುತಾಗಿಯೂ ಮಾನ್ಯತೆ ಪಡೆಯಿತು.

'ಅತ್ಯಂತ ಹಳೆಯ ಶಾಲೆ' ಎಂಬ ಹೆಗ್ಗಳಿಕೆ

ಅಮೇರಿಕದಲ್ಲಿ ಇದಕ್ಕಿಂತ ಹಳೆಯ ಶಿಕ್ಷಣ ಸಂಸ್ಥೆಗಳಿವೆ. ಉದಾಹರಣೆಗೆ, ಬೋಸ್ಟನ್ ಲ್ಯಾಟಿನ್ ಶಾಲೆಯು 1635ರಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿದೆ. ಆದರೆ ಅದರ ಮೂಲ ಕಟ್ಟಡ ಉಳಿದಿಲ್ಲ. ವೂರ್ಲೇಜರ್ ಮನೆಯಲ್ಲಿ ಇದಕ್ಕೆ ವಿರುದ್ಧವಾಗಿ ಶಾಲೆ ಬೇಗನೆ ಮುಚ್ಚಿತು, ಕಟ್ಟಡ ಉಳಿಯಿತು. ಫ್ಲಾರಿಡಾ ರಾಜ್ಯದ ಸೇಂಟ್ ಆಗಸ್ಟೀನ್ ನಗರದಲ್ಲಿಯೂ 'ಅತ್ಯಂತ ಹಳೆಯ ಮರದ ಶಾಲೆ' ಎಂಬ ಹೆಸರಿನ ಕಟ್ಟಡವಿದ್ದು, ಅದು ತೆರಿಗೆ ದಾಖಲೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು 1716ರಲ್ಲಿ. ಆದ್ದರಿಂದ ವೂರ್ಲೇಜರ್ ಮನೆಯ ಹೆಗ್ಗಳಿಕೆಯು ಸಂಸ್ಥೆಯ ಪ್ರಾಚೀನತೆಗಲ್ಲ, ಶಾಲೆಗಾಗಿ ಕಟ್ಟಿದ ಕಟ್ಟಡದ ಪ್ರಾಚೀನತೆಗೆ ಮಾತ್ರ ಅನ್ವಯಿಸುತ್ತದೆ.