ಎಸ್‌ಬಿಆರ್‌ಟಿ: ಆರಂಭಿಕ ಹಂತದ ಶ್ವಾಸಕೋಶ ಕ್ಯಾನ್ಸರಿಗೆ ನಿಖರ ವಿಕಿರಣ ಚಿಕಿತ್ಸೆ

ಶ್ವಾಸಕೋಶದಲ್ಲಿ ಇನ್ನೂ ಚಿಕ್ಕದಾಗಿರುವ, ದುಗ್ಧರಸ ಗ್ರಂಥಿಗಳಿಗೆ ಹರಡದ ಕ್ಯಾನ್ಸರ್ ಗಡ್ಡೆಯನ್ನು ಕೆಲವೇ ಕಂತುಗಳ ತೀವ್ರ ವಿಕಿರಣದಿಂದ ನಾಶಮಾಡುವ ವಿಧಾನ. ಪೂರ್ಣ ಹೆಸರು ಸ್ಟೀರಿಯೊಟ್ಯಾಕ್ಟಿಕ್ ಬಾಡಿ ರೇಡಿಯೊಥೆರಪಿ. ಹಲವು ದಿಕ್ಕುಗಳಿಂದ ಬರುವ ಕಿರಣಗಳು ಬಿಡಿಬಿಡಿಯಾಗಿ ದುರ್ಬಲ. ಅವೆಲ್ಲ ಸೇರುವ ಗಡ್ಡೆಯ ಜಾಗದಲ್ಲಿ ಮಾತ್ರ ಪ್ರಮಾಣ ಬಹಳ ಹೆಚ್ಚಿರುತ್ತದೆ. ಶಸ್ತ್ರಚಿಕಿತ್ಸೆ ತಾಳಿಕೊಳ್ಳಲಾಗದವರಿಗಾಗಿ ಬೆಳೆದುಬಂದ ಈ ಚಿಕಿತ್ಸೆ ಇಂದು ಅಂಥ ರೋಗಿಗಳಿಗೆ ಮೊದಲ ಆಯ್ಕೆಯಾಗಿದೆ.

ಹಿನ್ನೆಲೆ

1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ತಗುಲಿದ ಇಡೀ ಶ್ವಾಸಕೋಶವನ್ನು ಯಶಸ್ವಿಯಾಗಿ ತೆಗೆದರು. ಅಂದಿನಿಂದ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿಯಾಯಿತು. ಆದರೆ ಈ ರೋಗಿಗಳಲ್ಲಿ ಅನೇಕರು ವಯಸ್ಸಾದವರು. ವರ್ಷಗಟ್ಟಲೆ ಧೂಮಪಾನ ಮಾಡಿ ಹೃದಯ, ಶ್ವಾಸಕೋಶ ಎರಡೂ ಸೋತವರು. ಶಸ್ತ್ರಚಿಕಿತ್ಸೆ ತಾಳಲಾರದ ಅವರಿಗೆ ದಿನಕ್ಕೆ ಸುಮಾರು 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣ ಪ್ರಮಾಣದ ಅಳತೆ) ಆರೇಳು ವಾರ, ಒಟ್ಟು 60ರಿಂದ 66 ಗ್ರೇ ವಿಕಿರಣ ಕೊಡಲಾಗುತ್ತಿತ್ತು. ಉಸಿರಾಟದೊಂದಿಗೆ ಗಡ್ಡೆ ಅಲುಗಾಡುವುದರಿಂದ ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಕಿರಣ ಬೀಳುತ್ತಿತ್ತು. ಹಾಗಾಗಿ ಪ್ರಮಾಣ ಏರಿಸಲಾಗದೆ, ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವುದು ಸಾಮಾನ್ಯವಾಗಿತ್ತು.

ಸ್ಟಾಕ್‌ಹೋಂನ ಚೌಕಟ್ಟು

ಮಿದುಳಿನ ಒಂದು ಬಿಂದುವಿಗೆ ಗುರಿಯಿಟ್ಟು ವಿಕಿರಣ ಕೊಡುವ ವಿಚಾರವನ್ನು ಸ್ವೀಡನ್ನಿನ ನರಶಸ್ತ್ರಜ್ಞ ಲಾರ್ಸ್ ಲೆಕ್ಸೆಲ್ 1951ರಲ್ಲೇ ಮಂಡಿಸಿದ್ದರು. ತಲೆಬುರುಡೆಯನ್ನು ಚೌಕಟ್ಟಿಗೆ ಬಿಗಿಯಬಹುದು. ಎದೆಗೂಡಿನ ಒಳಗಿನ ಗಡ್ಡೆಗೆ ಆ ಅನುಕೂಲವಿಲ್ಲ. 1990ರ ದಶಕದ ಆರಂಭದಲ್ಲಿ ಸ್ಟಾಕ್‌ಹೋಂನ ಕರೊಲಿನ್‌ಸ್ಕಾ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ಇಂಗ್‌ಮಾರ್ ಲ್ಯಾಕ್ಸ್ ಮತ್ತು ವೈದ್ಯ ಹೆನ್ರಿಕ್ ಬ್ಲೂಮ್‌ಗ್ರೆನ್ ಇದಕ್ಕೆ ಪರಿಹಾರ ಕಂಡುಕೊಂಡರು. ಗಾಳಿ ಹೀರಿದಾಗ ಮೈಯಾಕಾರಕ್ಕೆ ಗಟ್ಟಿಯಾಗುವ ದಿಂಬಿನ ಮೇಲೆ, ಪೆಟ್ಟಿಗೆಯಂಥ ಚೌಕಟ್ಟಿನೊಳಗೆ ರೋಗಿಯನ್ನು ಮಲಗಿಸುತ್ತಿದ್ದರು. ಹೊಟ್ಟೆಯ ಮೇಲ್ಭಾಗವನ್ನು ಒಂದು ಫಲಕದಿಂದ ಒತ್ತಿ ಹಿಡಿದರೆ ವಪೆಯ ಏರಿಳಿತ ತಗ್ಗಿ, ಗಡ್ಡೆಯ ಚಲನೆಯೂ ಕಡಿಮೆಯಾಗುತ್ತಿತ್ತು.

ಜಪಾನಿನ ಕೊಡುಗೆ

ಮಿನೊರು ಉಎಮಾತ್ಸು ತಂಡ ಸಿ.ಟಿ. ಸ್ಕ್ಯಾನರ್ ಮತ್ತು ವಿಕಿರಣ ಯಂತ್ರಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿತು. ಕ್ಯೋಟೊ ವಿಶ್ವವಿದ್ಯಾಲಯ ನಾಲ್ಕು ಕಂತುಗಳಲ್ಲಿ 48 ಗ್ರೇ ಕೊಡುವ ಕ್ರಮ ರೂಪಿಸಿತು. 2004ರಲ್ಲಿ ಹಿರೋಶಿ ಒನಿಶಿ ಮತ್ತು ಸಂಗಡಿಗರು ಹಲವು ಆಸ್ಪತ್ರೆಗಳ 245 ರೋಗಿಗಳ ವಿವರ ಪ್ರಕಟಿಸಿದರು. ಪ್ರತಿ ಕಂತಿನ ಗಾತ್ರವನ್ನೂ ಗಣಿಸುವ ಜೈವಿಕ ಪರಿಣಾಮದ ಲೆಕ್ಕದಲ್ಲಿ 100 ಗ್ರೇ ಅಥವಾ ಹೆಚ್ಚು ಪಡೆದವರಲ್ಲಿ ಶೇ 8.1ರಷ್ಟು ಮಂದಿಗೆ ಗಡ್ಡೆ ಅದೇ ಜಾಗದಲ್ಲಿ ಮರಳಿತ್ತು. ಕಡಿಮೆ ಪಡೆದವರಲ್ಲಿ ಈ ಪ್ರಮಾಣ ಶೇ 26.4. ಆ 100 ಗ್ರೇ ಮುಂದೆ ಎಲ್ಲೆಡೆ ಮಾನದಂಡವಾಯಿತು.

ಎಚ್ಚರಿಕೆ ಮತ್ತು ಪುರಾವೆ

ತೀವ್ರ ವಿಕಿರಣದ ಅಪಾಯ ಸ್ಪಷ್ಟವಾದದ್ದು ಅಮೆರಿಕದ ಇಂಡಿಯಾನಾದಲ್ಲಿ. ರಾಬರ್ಟ್ ಟಿಮ್ಮರ್‌ಮನ್ ತಂಡ 2006ರಲ್ಲಿ 70 ರೋಗಿಗಳ ಫಲಿತಾಂಶ ನೀಡಿತು. ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದವರಲ್ಲಿ ಶೇ 83 ಮಂದಿ ಎರಡು ವರ್ಷ ಗಂಭೀರ ಅಡ್ಡಪರಿಣಾಮಗಳಿಲ್ಲದೆ ಇದ್ದರು. ಮುಖ್ಯ ಶ್ವಾಸನಾಳಗಳ ಬಳಿ ಗಡ್ಡೆ ಇದ್ದವರಲ್ಲಿ ಶೇ 54 ಮಾತ್ರ. ಚಿಕಿತ್ಸೆಯಿಂದಲೇ ಸಾವುಗಳೂ ಸಂಭವಿಸಿದ್ದವು. ಆ ನಾಳಗಳ ಸುತ್ತಲಿನ 2 ಸೆಂ.ಮೀ. ವಲಯದಲ್ಲಿ ಮೂರು ಕಂತುಗಳ ಕ್ರಮ ಕೂಡದೆಂಬ ನಿಯಮ ಬಂದದ್ದು ಹೀಗೆ. ಅಲ್ಲಿ ಈಗ ಕಂತುಗಳನ್ನು ಹೆಚ್ಚಿಸಿ, ಪ್ರತಿ ಕಂತಿನ ಪ್ರಮಾಣ ತಗ್ಗಿಸುತ್ತಾರೆ.

ಅಂಚಿನ ಗಡ್ಡೆಗಳಿಗೆ ಮೂರು ಕಂತುಗಳಲ್ಲಿ 54 ಗ್ರೇ ನೀಡಿದ ಆರ್‌ಟಿಒಜಿ 0236 ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ಬಳಿಕ ಮೂಲ ಗಡ್ಡೆಯ ನಿಯಂತ್ರಣ ಶೇ 97.6. ಆದರೂ ಬದುಕಿದ್ದವರು ಶೇ 55.8, ದೂರದ ಅಂಗಗಳಿಗೆ ಹರಡಿದ ಕ್ಯಾನ್ಸರ್ ಮತ್ತು ಇತರ ಕಾಯಿಲೆಗಳು ಉಳಿದವರ ಜೀವ ತೆಗೆದಿದ್ದವು. 2019ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 101 ರೋಗಿಗಳ ಚಿಸೆಲ್ ಅಧ್ಯಯನವು ಹಳೆಯ ದೀರ್ಘ ಕ್ರಮಕ್ಕಿಂತ ಎಸ್‌ಬಿಆರ್‌ಟಿಯೇ ಮೇಲೆಂದು ತೋರಿಸಿತು.

ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಕೆ

ಶಸ್ತ್ರಚಿಕಿತ್ಸೆಗೆ ಸಮರ್ಥರಾದವರ ವಿಷಯದಲ್ಲಿ ಚರ್ಚೆ ಮುಗಿದಿಲ್ಲ. 2021ರ ಸ್ಟಾರ್ಸ್ ಅಧ್ಯಯನದಲ್ಲಿ ಎಸ್‌ಬಿಆರ್‌ಟಿ ಪಡೆದ 80 ಮಂದಿಯಲ್ಲಿ ಶೇ 91ರಷ್ಟು ಜನ ಮೂರು ವರ್ಷ ಬದುಕಿದ್ದರು. ಹೋಲಿಕೆಗೆ ಆಯ್ದ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲೂ ಅಷ್ಟೇ. ಆದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿದ ಅಧ್ಯಯನ ಅದಲ್ಲ. ಆದ್ದರಿಂದ ಇವರಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಸಲಹೆಯಾಗಿ ಉಳಿದಿದೆ.

ಭಾರತದಲ್ಲಿ

ನಮ್ಮಲ್ಲಿ ಹೆಚ್ಚಿನ ರೋಗಿಗಳು ಕ್ಯಾನ್ಸರ್ ಹರಡಿದ ನಂತರವೇ ಆಸ್ಪತ್ರೆ ತಲುಪುತ್ತಾರೆ. ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರೂ ಅವರಲ್ಲಿದ್ದಾರೆ. ವಾರಗಳು ಕಳೆದರೂ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಕ್ಷಯದ ಔಷಧಕ್ಕೂ ಜಗ್ಗದ ಎದೆಯ ಕಲೆ ಕಂಡರೆ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಗೆ ತಡಮಾಡಬಾರದು. ಈ ಚಿಕಿತ್ಸೆಯಿಂದ ಗುಣಹೊಂದುವ ಅವಕಾಶವಿರುವುದು ಗಡ್ಡೆ ಚಿಕ್ಕದಿರುವಾಗ ಪತ್ತೆಯಾದವರಿಗೆ.