ಲುಲು (ಆಲ್ಬಮ್)

'ಲುಲು' ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾ ಮತ್ತು ರಾಕ್ ಗಾಯಕ ಲೂ ರೀಡ್ ಜಂಟಿಯಾಗಿ ಹೊರತಂದ ಆಲ್ಬಮ್. ಇದು 2011ರ ಅಕ್ಟೋಬರ್ 31ರಂದು ಬಿಡುಗಡೆಯಾಯಿತು. ಎರಡು ಸಿ.ಡಿ.ಗಳಲ್ಲಿರುವ ಇದರ 10 ಹಾಡುಗಳ ಒಟ್ಟು ಅವಧಿ ಸುಮಾರು 87 ನಿಮಿಷ. ಮೆಟಾಲಿಕಾದ ಅಭಿಮಾನಿಗಳಿಗೆ ತೀವ್ರ ನಿರಾಸೆ ಉಂಟುಮಾಡಿದ ಕೃತಿಯೆಂದು ಇದು ಹೆಸರಾಗಿದೆ. ಇದರ ಬಿಡುಗಡೆಯ ಹಿಂದಿನ ದಿನವೇ ತಂಡವು ಬೆಂಗಳೂರಿನಲ್ಲಿ ಕಾರ್ಯಕ್ರಮ ನೀಡಿತ್ತು.

ಹಿನ್ನೆಲೆ

ಮೆಟಾಲಿಕಾ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಯಿತು. ವೇಗದ ಗಿಟಾರ್ ವಾದನ ಹಾಗೂ ಬಿಗಿಯಾದ ಲಯಕ್ಕೆ ಹೆಸರಾದ ಥ್ರಾಶ್ ಮೆಟಲ್ ಪ್ರಕಾರದ ಪ್ರಮುಖ ತಂಡಗಳಲ್ಲಿ ಇದೂ ಒಂದು. 'ಮಾಸ್ಟರ್ ಆಫ್ ಪಪೆಟ್ಸ್' (1986) ಮತ್ತು 'ಮೆಟಾಲಿಕಾ' (1991) ಆಲ್ಬಮ್‌ಗಳು ತಂಡಕ್ಕೆ ಜಗತ್ತಿನಾದ್ಯಂತ ಕೇಳುಗರನ್ನು ತಂದವು. ಅನಂತರದ 'ಲೋಡ್' (1996) ಮತ್ತು ಗಿಟಾರ್ ಸೋಲೋಗಳೇ ಇಲ್ಲದ 'ಸೇಂಟ್ ಆಂಗರ್' (2003) ಹಳೆಯ ಅಭಿಮಾನಿಗಳ ಅಸಮಾಧಾನಕ್ಕೆ ಗುರಿಯಾದವು. 2008ರ 'ಡೆತ್ ಮ್ಯಾಗ್ನೆಟಿಕ್' ಮೊದಲಿನ ಶೈಲಿಗೆ ಮರಳಿದ್ದರಿಂದ ಕೇಳುಗರ ನಿರೀಕ್ಷೆ ಮತ್ತೆ ಹೆಚ್ಚಿತ್ತು.

2009ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ 25ನೇ ವರ್ಷದ ಸಂಗೀತೋತ್ಸವದಲ್ಲಿ ಮೆಟಾಲಿಕಾ ಮತ್ತು ರೀಡ್ ಒಂದೇ ವೇದಿಕೆಯಲ್ಲಿ ಹಾಡಿದರು. ರೀಡ್ ಅವರ ಹಳೆಯ ಹಾಡುಗಳನ್ನು ಮತ್ತೆ ಮುದ್ರಿಸುವುದು ಮೊದಲ ಯೋಜನೆಯಾಗಿತ್ತು. ಬಳಿಕ ಅದನ್ನು ಕೈಬಿಟ್ಟು, ಬರ್ಲಿನ್‌ನ ರಂಗಪ್ರಯೋಗವೊಂದಕ್ಕಾಗಿ ಅವರು ಬರೆದಿದ್ದ ಹಾಡುಗಳನ್ನು ಆಯ್ದುಕೊಳ್ಳಲಾಯಿತು.

ವಸ್ತು ಮತ್ತು ಶೈಲಿ

ಹಾಡುಗಳಿಗೆ ಜರ್ಮನ್ ನಾಟಕಕಾರ ಫ್ರಾಂಕ್ ವೆಡೆಕಿಂಡ್ ಅವರ 'ಅರ್ತ್ ಸ್ಪಿರಿಟ್' ಮತ್ತು 'ಪಂಡೋರಾಸ್ ಬಾಕ್ಸ್' ನಾಟಕಗಳು ಆಧಾರ. ಲುಲು ಎಂಬ ಹೆಣ್ಣಿನ ಏಳುಬೀಳು ಮತ್ತು ಕೊಲೆ ಇವುಗಳ ಕಥಾವಸ್ತು. ರೀಡ್ ಬಹುಪಾಲು ಸಾಹಿತ್ಯವನ್ನು ರಾಗವಾಗಿ ಹಾಡದೆ ವಾಚಿಸುವ ಧಾಟಿಯಲ್ಲಿ ಹೇಳುತ್ತಾರೆ. ತಂಡದ ವಾದ್ಯಗಳು ಅದರ ಹಿಂದೆ ದೀರ್ಘವಾಗಿ ಸಾಗುತ್ತವೆ. ಕೊನೆಯ ಹಾಡು 'ಜೂನಿಯರ್ ಡ್ಯಾಡ್' 19 ನಿಮಿಷಗಳಿಗೂ ಹೆಚ್ಚು ದೀರ್ಘವಾಗಿದೆ.

ಪ್ರತಿಕ್ರಿಯೆ

ಸೆಪ್ಟೆಂಬರ್‌ನಲ್ಲಿ 'ದ ವ್ಯೂ' ಹಾಡು ಹೊರಬಂದಾಗಲೇ ಟೀಕೆ ಆರಂಭವಾಯಿತು. ಅದರಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕೂಗಿ ಹೇಳುವ ಸಾಲೊಂದು ಅಂತರ್ಜಾಲದಲ್ಲಿ ನಗೆಪಾಟಲಾಯಿತು. ವಾಚನಕ್ಕೂ ವಾದ್ಯಕ್ಕೂ ಹೊಂದಿಕೆಯಿಲ್ಲ ಎಂಬುದು ಮತ್ತು ಹಾಡುಗಳು ಅನಗತ್ಯವಾಗಿ ಉದ್ದವಾಗಿವೆ ಎಂಬುದು ಪ್ರಮುಖ ಆಕ್ಷೇಪಗಳಾಗಿದ್ದವು. ಪಿಚ್‌ಫೋರ್ಕ್ ಪತ್ರಿಕೆ 10ಕ್ಕೆ 1 ಅಂಕ ನೀಡಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ಡೆತ್ ಮ್ಯಾಗ್ನೆಟಿಕ್' ಮೊದಲ ಸ್ಥಾನ ಪಡೆದಿದ್ದರೆ, 'ಲುಲು' 36ನೇ ಸ್ಥಾನಕ್ಕಷ್ಟೇ ತಲುಪಿತು. ಇದು ತಂಡದ ನಿಯಮಿತ ಆಲ್ಬಮ್ ಅಲ್ಲ, ಜಂಟಿ ಪ್ರಯೋಗ ಎಂಬ ವಿವರಣೆಯಿಂದ ಹೆಚ್ಚಿನ ಅಭಿಮಾನಿಗಳಿಗೆ ಸಮಾಧಾನವಾಗಲಿಲ್ಲ. 1975ರ 'ಮೆಟಲ್ ಮಷೀನ್ ಮ್ಯೂಸಿಕ್' ಆಲ್ಬಮ್‌ನಿಂದಲೇ ತಮ್ಮ ಅಭಿಮಾನಿಗಳನ್ನು ಕಳೆದುಕೊಂಡಿದ್ದಾಗಿ ಹೇಳಿದ ರೀಡ್, ಟೀಕೆಗಳನ್ನು ಲೆಕ್ಕಿಸಲಿಲ್ಲ.

ಬೆಂಗಳೂರಿನ ಕಾರ್ಯಕ್ರಮ

ಭಾರತದಲ್ಲಿ ಮೆಟಾಲಿಕಾದ ಮೊದಲ ಕಾರ್ಯಕ್ರಮ 2011ರ ಅಕ್ಟೋಬರ್ 28ರಂದು ಗುರಗಾಂವ್‌ನಲ್ಲಿ ನಿಗದಿಯಾಗಿತ್ತು. ಸುರಕ್ಷತೆಯ ಕಾರಣದಿಂದ ಅದು ರದ್ದಾಯಿತು. ಸೇರಿದ್ದ ಪ್ರೇಕ್ಷಕರಲ್ಲಿ ಕೆಲವರು ರೊಚ್ಚಿಗೆದ್ದು ವೇದಿಕೆಗೆ ಹಾನಿ ಮಾಡಿದರು. ಹೀಗಾಗಿ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದದ್ದೇ ಈ ದೇಶದಲ್ಲಿ ತಂಡದ ಮೊದಲ ಕಾರ್ಯಕ್ರಮವಾಯಿತು. ಮರುದಿನವೇ 'ಲುಲು' ಬಿಡುಗಡೆಯಾಗಲಿದ್ದರೂ ವೇದಿಕೆಯಲ್ಲಿ ಅದರ ಹಾಡುಗಳಿರಲಿಲ್ಲ. ವರ್ಷಗಳಿಂದ ಕಾದಿದ್ದ ಕೇಳುಗರು ಕೇಳಿದ್ದು ತಂಡದ ಹಿಂದಿನ ಹಾಡುಗಳನ್ನು.

ನಂತರದ ಮೌಲ್ಯಮಾಪನ

ರೀಡ್ 2013ರ ಅಕ್ಟೋಬರ್ 27ರಂದು ನಿಧನರಾದರು. 'ಲುಲು' ಅವರ ಕೊನೆಯ ಸ್ಟುಡಿಯೊ ಆಲ್ಬಮ್ ಆಯಿತು. ಇದು ರೀಡ್ ಅವರ ಶ್ರೇಷ್ಠ ಕೃತಿಯೆಂದು ಗಾಯಕ ಡೇವಿಡ್ ಬೋವಿ ಅಭಿಪ್ರಾಯಪಟ್ಟಿದ್ದನ್ನು ರೀಡ್ ಅವರ ಪತ್ನಿ, ಕಲಾವಿದೆ ಲಾರಿ ಆ್ಯಂಡರ್ಸನ್ 2015ರಲ್ಲಿ ತಿಳಿಸಿದರು. ಆ ಬಳಿಕ ಕೆಲವು ವಿಮರ್ಶಕರು ಇದನ್ನು ಮೆಟಾಲಿಕಾದ ಆಲ್ಬಮ್ ಎನ್ನುವುದಕ್ಕಿಂತ ರೀಡ್ ಅವರ ಕೃತಿಯೆಂದು ಪರಿಗಣಿಸಿ ಮೆಚ್ಚಿದ್ದಾರೆ. ಮೆಟಾಲಿಕಾ ತನ್ನ ಮುಂದಿನ ಸ್ಟುಡಿಯೊ ಆಲ್ಬಮ್ 'ಹಾರ್ಡ್‌ವೈರ್ಡ್... ಟು ಸೆಲ್ಫ್-ಡಿಸ್ಟ್ರಕ್ಟ್' ಅನ್ನು 2016ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು.